ಮರ ಕಡಿದ ವರ್ಷ: ಕಡಲತೀರದ ಒಂದು ಹಳೆಯ ನೆಲೆ ಮತ್ತು ಇಂಗಾಲದ ಗಡಿಯಾರ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಸಭಾಂಗಣದಲ್ಲಿ ನೀಡಿದ ವಿಜ್ಞಾನ ಉಪನ್ಯಾಸದ ಬರಹರೂಪ)



ಮಹೋತ್ಸವ ಸಮಿತಿಯವರು ನನಗೆ ಒಂದು ಷರತ್ತು ಹಾಕಿದ್ದಾರೆ. ವಿಜ್ಞಾನದ ವಿಷಯವೇ ಆಗಬೇಕು, ಆದರೆ ಹತ್ತನೇ ತರಗತಿಯ ಮಕ್ಕಳಿಗೂ ತಿಳಿಯಬೇಕು, ಅವರ ಜೊತೆ ಬಂದಿರುವ ಅಜ್ಜ ಅಜ್ಜಿಯರಿಗೂ ತಿಳಿಯಬೇಕು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು. ನೆಲ ಅಗೆದು ಹಳೆಯ ಊರುಗಳನ್ನು ಹುಡುಕುವವನಲ್ಲ. ಆದರೂ ಅಗೆದವರು ತಂದುಕೊಟ್ಟ ವಸ್ತುವಿನ ವಯಸ್ಸು ಹೇಳುವ ಕೆಲಸ ಕೊನೆಗೆ ರಸಾಯನಶಾಸ್ತ್ರದ ಮೇಜಿಗೇ ಬರುತ್ತದೆ. ಅದನ್ನೇ ಇವತ್ತಿನ ಮಾತಿಗೆ ಎತ್ತಿಕೊಂಡಿದ್ದೇನೆ.

ಶಾಲೆಗೆ ಐವತ್ತು ತುಂಬಿತು ಎಂದು ಎಲ್ಲರೂ ಹೇಳುತ್ತಿದ್ದೇವೆ. ಹೇಗೆ ಗೊತ್ತು? ದಾಖಲಾತಿ ಪುಸ್ತಕವಿದೆ, ಗೋಡೆಯಲ್ಲಿ ಶಂಕುಸ್ಥಾಪನೆಯ ಕಲ್ಲಿದೆ. ಈ ಎರಡೂ ಇಲ್ಲವಾಗಿ ಒಂದು ಬೆಂಚು ಮಾತ್ರ ಮಣ್ಣಿನಡಿ ಉಳಿಯಿತು ಎಂದುಕೊಳ್ಳಿ. ಸಾವಿರ ವರ್ಷದ ನಂತರ ಯಾರೋ ಅದನ್ನು ಹೊರತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬರುವ ಉತ್ತರ ಶಾಲೆಯ ವಯಸ್ಸಲ್ಲ, ಬೆಂಚಿನ ವಯಸ್ಸೂ ಅಲ್ಲ. ಆ ಮರದ ವಯಸ್ಸು. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ತೊಲೆಯಿಂದ ಬಡಗಿ ಆ ಬೆಂಚು ಮಾಡಿದ್ದರೆ ಶಾಲೆಗೆ ಇಲ್ಲದ ಇನ್ನೂರು ವರ್ಷ ಸುಮ್ಮನೆ ಸೇರಿಕೊಳ್ಳುತ್ತದೆ. ಈ ಒಂದು ತೊಡಕನ್ನು ನೆನಪಿಟ್ಟುಕೊಂಡರೆ ಇವತ್ತಿನ ಕಥೆ ಪೂರ್ತಿ ಅರ್ಥವಾಗುತ್ತದೆ.

ಕಥೆ ನಡೆಯುವುದು ನಮ್ಮಿಂದ ಬಹುದೂರದಲ್ಲಿ. ಕೆನಡಾ ದೇಶದ ಪೂರ್ವಕ್ಕೆ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪವಿದೆ. ಅದರ ಉತ್ತರದ ತುತ್ತತುದಿಯಲ್ಲಿ, ತಣ್ಣನೆಯ ಗಾಳಿ ಬೀಸುವ ಕಡಲದಂಡೆಯಲ್ಲಿ, ಲಾನ್ಸ್ ಓ ಮೆಡೋಸ್ ಎಂಬ ಸಣ್ಣ ಮೀನುಗಾರರ ಊರು. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಎಂಬುವರು ಆ ಕರಾವಳಿಯ ಊರೂರು ತಿರುಗುತ್ತಾ, ಇಲ್ಲೆಲ್ಲಾದರೂ ಹಳೆಯ ಮನೆಗಳ ಕುರುಹು ಉಂಟೇ ಎಂದು ಕೇಳುತ್ತಾ ಬಂದರು. ಆ ಊರಿನ ಜಾರ್ಜ್ ಡೆಕರ್ ಎಂಬ ಮೀನುಗಾರ, ಇದೆ, ಬನ್ನಿ ಎಂದು ಕರೆದುಕೊಂಡು ಹೋಗಿ ಹುಲ್ಲು ಬೆಳೆದ ದಿಬ್ಬಗಳನ್ನು ತೋರಿಸಿದ. ಊರವರು ಅದನ್ನು ಅಲ್ಲಿನ ಮೂಲನಿವಾಸಿಗಳ ಹಳೆಯ ಬೀಡು ಎಂದೇ ತಿಳಿದಿದ್ದರು. ಹೆಲ್ಗೆ ಅವರ ಪತ್ನಿ ಆನ್ ಸ್ಟೀನೆ ಇಂಗ್‌ಸ್ಟಾಡ್ ಪುರಾತತ್ವಜ್ಞೆ. ಅವರ ನೇತೃತ್ವದಲ್ಲಿ 1961ರಿಂದ 1968ರವರೆಗೆ ಉತ್ಖನನ ನಡೆಯಿತು. ಕಂಡುಹಿಡಿದವರ ಹೆಸರು ಎಲ್ಲ ಪುಸ್ತಕದಲ್ಲೂ ದೊಡ್ಡದಾಗಿ ಇರುತ್ತದೆ. ದಾರಿ ತೋರಿಸಿದ ಮೀನುಗಾರನ ಹೆಸರನ್ನೂ ನಾವು ಹೇಳಬೇಕು ಎಂಬುದು ನನ್ನ ಹಟ.

ದಿಬ್ಬಗಳಡಿಯಲ್ಲಿ ಸಿಕ್ಕಿದ್ದು ಎಂಟು ಕಟ್ಟಡಗಳ ತಳ. ಮರದ ಚೌಕಟ್ಟಿಗೆ ಹುಲ್ಲಿನ ಬೇರಿನ ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಜೋಡಿಸಿ ಕಟ್ಟಿದ ಮನೆಗಳು. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡಿನ ಜನ ಕಟ್ಟುತ್ತಿದ್ದದ್ದು ಇದೇ ಬಗೆಯಲ್ಲಿ. ತೊರೆಯ ಆಚೆ ದಡದಲ್ಲಿ ಒಂದು ಕುಲುಮೆ, ಅದರ ಕಿಟ್ಟ. ಕಬ್ಬಿಣದ ಮೊಳೆಗಳು. ಮೇಲುಹೊದಿಕೆಯನ್ನು ಸಿಕ್ಕಿಸಿಕೊಳ್ಳುವ ಒಂದು ಕಂಚಿನ ಪಿನ್ನು. ನೂಲು ತೆಗೆಯುವ ಕದಿರಿನ ಬುಡಕ್ಕೆ ಸಿಕ್ಕಿಸುವ ಬಳಪದ ಕಲ್ಲಿನ ಬಿಲ್ಲೆ. ಈ ಕೊನೆಯದು ನನಗೆ ಬಹಳ ಇಷ್ಟ. ನಾರ್ಸ್ ಜನರಲ್ಲಿ ನೂಲುವುದು ಹೆಂಗಸರ ಕೆಲಸವಾಗಿತ್ತು. ಹಾಗಾದರೆ ಕತ್ತಿ ಹಿಡಿದ ಗಂಡಸರು ಮಾತ್ರ ಅಲ್ಲ, ಹೆಂಗಸರೂ ಈ ತೆರೆದ ಕಡಲನ್ನು ದಾಟಿ ಬಂದಿದ್ದರು ಎಂದು ಅಂಗೈಯಲ್ಲಿ ಹಿಡಿಯುವ ಒಂದು ಕಲ್ಲು ಹೇಳುತ್ತದೆ.

ನಾರ್ಸ್ ಜನ ಎಂದೆ. ನಾವು ವೈಕಿಂಗರು ಎನ್ನುತ್ತೇವಲ್ಲ, ಅವರೇ. ನಾರ್ವೆಯಿಂದ ಐಸ್‌ಲ್ಯಾಂಡಿಗೆ, ಅಲ್ಲಿಂದ ಗ್ರೀನ್‌ಲ್ಯಾಂಡಿಗೆ ಹೋಗಿ ನೆಲೆಸಿದವರು. ಅವರಲ್ಲಿ ಲೇಫ್ ಎರಿಕ್‌ಸನ್ ಮೊದಲಾದವರು ಇನ್ನೂ ಪಶ್ಚಿಮಕ್ಕೆ ಹೋಗಿ ವಿನ್‌ಲ್ಯಾಂಡ್ ಎಂಬ ನಾಡು ಕಂಡರು ಎಂದು ಐಸ್‌ಲ್ಯಾಂಡಿನ ಸಾಗಾ ಎಂಬ ಕಥನಗಳು ಹೇಳುತ್ತವೆ. ಆ ಕಥನಗಳು ಬರಹಕ್ಕೆ ಇಳಿದದ್ದು ಘಟನೆ ನಡೆದ ಸುಮಾರು ಇನ್ನೂರು ವರ್ಷಗಳ ಮೇಲೆ. ನಡೆದದ್ದು ಯಾವ ವರ್ಷ ಎಂಬುದು ಅವುಗಳಲ್ಲಿ ಇಲ್ಲ. ನಮ್ಮ ಊರುಗಳ ಶಾಸನ ನೋಡಿ: ಎಷ್ಟೋ ದಾನಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಇರುತ್ತದೆ; ಕೆಲವೊಮ್ಮೆ ಗ್ರಹಣವೂ. ಈ ವಿಷಯದಲ್ಲಿ ನಾವು ಶ್ರೀಮಂತರು. ಲಾನ್ಸ್ ಓ ಮೆಡೋಸಿನಲ್ಲಿ ಒಂದು ಅಕ್ಷರವೂ ಸಿಗಲಿಲ್ಲ. ಮನೆಯ ಆಕಾರ, ಪಿನ್ನಿನ ಮಾದರಿ ನೋಡಿ ಕ್ರಿ.ಶ. 1000ದ ಆಸುಪಾಸು ಎಂದರು. ಆಸುಪಾಸು ಎಂದರೆ ಎಷ್ಟು? ಅದಕ್ಕೆ ಇಂಗಾಲವನ್ನು ಕೇಳಬೇಕಾಯಿತು.

ಈಗ ಸ್ವಲ್ಪ ವಿಜ್ಞಾನ. ಬಾಹ್ಯಾಕಾಶದಿಂದ ಬರುವ ಕಣಗಳು ನಮ್ಮ ವಾತಾವರಣದ ಮೇಲ್ಪದರಕ್ಕೆ ಬಡಿದು ನ್ಯೂಟ್ರಾನುಗಳನ್ನು ಚಿಮ್ಮಿಸುತ್ತವೆ. ಅವು ಸಾರಜನಕದ ಪರಮಾಣುವಿಗೆ ತಾಗಿದಾಗ ಅದು ಇಂಗಾಲ-14 ಆಗುತ್ತದೆ. ಮಾಮೂಲಿ ಇಂಗಾಲದ ತೂಕ 12. ಇದು ಅದರದೇ ಅಣ್ಣ, ಸ್ವಲ್ಪ ಭಾರ, ಸ್ವಲ್ಪ ಅಸ್ಥಿರ. ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಈ ಬಗೆಯದು. ಇದೂ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಗಿಡ ಅದನ್ನು ಹೀರುತ್ತದೆ, ಗಿಡವನ್ನು ದನ ತಿನ್ನುತ್ತದೆ, ಹಾಲನ್ನು ನಾವು ಕುಡಿಯುತ್ತೇವೆ. ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ.

ತಳದಲ್ಲಿ ಸಣ್ಣ ತೂತು ಬಿದ್ದ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಿದ್ದೀರಿ ಎನ್ನಿ. ಸೋರಿದಷ್ಟು ನೀರು ಮೇಲಿನಿಂದ ಬೀಳುತ್ತಿದ್ದರೆ ಮಟ್ಟ ಒಂದೇ ಆಗಿರುತ್ತದೆ. ಜೀವ ಇರುವಷ್ಟು ಕಾಲ ಹಾಗೆ. ಜೀವ ಹೋದ ಕ್ಷಣ ನಲ್ಲಿ ನಿಂತಿತು. ಇನ್ನು ಬರೀ ಸೋರಿಕೆ. 5,730 ವರ್ಷಕ್ಕೆ ಅರ್ಧ ಖಾಲಿ, ಇನ್ನೊಂದು 5,730 ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ. ಕೊಡದಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ನಲ್ಲಿ ಯಾವಾಗ ನಿಂತಿತು ಎಂದು ಹೇಳಬಹುದು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ವಿಲರ್ಡ್ ಲಿಬ್ಬಿ ಮತ್ತು ಸಂಗಡಿಗರು 1940ರ ದಶಕದ ಕೊನೆಗೆ ಇದನ್ನು ಮಾಡಿ ತೋರಿಸಿದರು. ಲಿಬ್ಬಿಗೆ ಇದಕ್ಕಾಗಿ ನೊಬೆಲ್ ಬಂದದ್ದು 1960ರಲ್ಲಿ, ಅಂದರೆ ಜಾರ್ಜ್ ಡೆಕರ್ ಆ ದಿಬ್ಬಗಳನ್ನು ತೋರಿಸಿದ ವರ್ಷದಲ್ಲೇ.

ಮೊದಮೊದಲು ಅಳೆಯುವುದು ಬಹಳ ತಾಳ್ಮೆಯ ಕೆಲಸವಾಗಿತ್ತು. ಈಗಿನ ಒಂದು ಗ್ರಾಂ ಇಂಗಾಲದಲ್ಲಿ ಸುಮಾರು 6,000 ಕೋಟಿ ಇಂಗಾಲ-14 ಪರಮಾಣುಗಳಿದ್ದರೂ ನಿಮಿಷಕ್ಕೆ ಸಿಡಿಯುವುದು ಹದಿಮೂರೋ ಹದಿನಾಲ್ಕೋ. ಆ ಸಿಡಿತವನ್ನು ಎಣಿಸುತ್ತಾ ಕೂರಬೇಕು, ಅದಕ್ಕೆ ಗ್ರಾಂಗಟ್ಟಲೆ ವಸ್ತು ಸುಡಬೇಕು. ಈಗ ವೇಗವರ್ಧಕ ಯಂತ್ರಗಳಿವೆ. ಅವು ಸಿಡಿಯುವ ತನಕ ಕಾಯುವುದಿಲ್ಲ, ಪರಮಾಣುಗಳನ್ನು ನೇರವಾಗಿ ಎಣಿಸುತ್ತವೆ. ಒಂದು ಭತ್ತದ ಕಾಳು ಸಾಕು. ನಮ್ಮ ದೇಶದಲ್ಲೂ ಅಹಮದಾಬಾದಿನ ಭೌತ ಸಂಶೋಧನಾಲಯ, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಂಥ ಕಡೆ ಈ ಕೆಲಸ ನಡೆಯುತ್ತದೆ.

ಒಂದು ಲೆಕ್ಕ ಹಾಕೋಣ. ಸಾವಿರ ವರ್ಷಕ್ಕೆ ಸೋರಿಹೋಗುವುದು ಶೇಕಡಾ 11 ಮಾತ್ರ. ಅಳತೆಯಲ್ಲಿ ಶೇಕಡಾ 1ರಷ್ಟು ಹೆಚ್ಚುಕಡಿಮೆ ಆದರೆ ಉತ್ತರದಲ್ಲಿ ಸುಮಾರು 80 ವರ್ಷ ಹೆಚ್ಚುಕಡಿಮೆ ಆಗುತ್ತದೆ. ಮೂರು ತಲೆಮಾರು! ಲಾನ್ಸ್ ಓ ಮೆಡೋಸಿನಿಂದ ಸುಮಾರು 150 ಇಂಗಾಲದ ಕಾಲನಿರ್ಣಯಗಳು ಬಂದವು, ಅವುಗಳಲ್ಲಿ 55 ನಾರ್ಸ್ ಜನರ ಕಾಲಕ್ಕೆ ಸಂಬಂಧಿಸಿದವು. ಆದರೂ ನಿಖರವಾದ ವರ್ಷ ಕೈಗೆ ಸಿಗಲಿಲ್ಲ. ಉತ್ತರಗಳು ಶತಮಾನಗಳ ಉದ್ದಕ್ಕೆ ಹರಡಿಕೊಂಡಿದ್ದವು.

ಯಂತ್ರದ ದೋಷ ಒಂದೇ ಕಾರಣವಲ್ಲ. ಬೆಂಚಿನ ತೊಡಕು ಹೇಳಿದೆನಲ್ಲ, ಅದೂ ಇದೆ. ಮರದಲ್ಲಿ ಪ್ರತಿವರ್ಷ ಒಂದು ಹೊಸ ಉಂಗುರ ತೊಗಟೆಯ ಕೆಳಗೆ ಬೆಳೆಯುತ್ತದೆ. ಹಳೆಯ ಉಂಗುರದ ನಲ್ಲಿ ಅವತ್ತೇ ನಿಂತುಹೋಗುತ್ತದೆ. ಇನ್ನೂರು ವರ್ಷದ ಮರವನ್ನು ಇವತ್ತು ಕಡಿದು ಅದರ ತಿರುಳನ್ನು ಪರೀಕ್ಷೆಗೆ ಕೊಟ್ಟರೆ ಇನ್ನೂರು ವರ್ಷ ಹಿಂದಿನದು ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ, ಪ್ರಶ್ನೆ ಬೇರೆ. ಜೊತೆಗೆ ಅದು ಕಡಲತೀರ. ಅಲೆ ತಂದು ಹಾಕಿದ ತೇಲುಮರ ಅಲ್ಲಿ ಧಾರಾಳ. ಎಂದೋ ಸತ್ತ ಮರವನ್ನು ಒಲೆಗೆ ಇಟ್ಟರೆ ಅದರ ಇದ್ದಿಲು ಅಡಿಗೆ ಮಾಡಿದವಳ ಕಾಲವನ್ನು ಹೇಳುವುದಿಲ್ಲ.

ಕಡಲಿನದು ಇನ್ನೂ ಒಂದು ಕಣ್ಣುಕಟ್ಟು ಇದೆ. ಸಮುದ್ರದ ಆಳದ ನೀರು ನೂರಾರು ವರ್ಷ ಗಾಳಿಯ ಮುಖ ನೋಡದೆ ಇರುತ್ತದೆ. ಅದರಲ್ಲಿನ ಇಂಗಾಲ-14 ಆಗಲೇ ಸೋರಿರುತ್ತದೆ. ಆ ನೀರು ಮೇಲಿನ ನೀರಿಗೆ ಬೆರೆಯುವುದರಿಂದ ಕಡಲಲ್ಲಿ ಬದುಕುವ ಮೀನು, ಸೀಲ್, ಚಿಪ್ಪಿನ ಜೀವಿಗಳು ಹುಟ್ಟುವಾಗಲೇ ಮುದುಕರು. ಸರಾಸರಿ 400 ವರ್ಷ ಹಳೆಯವಾಗಿ ಕಾಣುತ್ತವೆ. ನಮ್ಮ ಅಳಿವೆಯಲ್ಲಿ ನಿನ್ನೆ ಆರಿಸಿದ ಬಳಚಿನ ಚಿಪ್ಪನ್ನು ಯಾವ ತಿದ್ದುಪಡಿಯೂ ಇಲ್ಲದೆ ಲೆಕ್ಕ ಹಾಕಿದರೆ ಅದಕ್ಕೂ ಇಲ್ಲದ ವಯಸ್ಸು ಬರುತ್ತದೆ. ತಿದ್ದುಪಡಿ ಎಷ್ಟು ಎನ್ನುವುದು ಕಡಲಿಂದ ಕಡಲಿಗೆ ಬೇರೆ.

ಇನ್ನು ಆ ಮೀನು ತಿಂದ ಮನುಷ್ಯ? ಅವನ ಮೂಳೆಗೂ ಆ ಮುಪ್ಪು ಇಳಿಯುತ್ತದೆ. ಇದಕ್ಕೆ ಚೆನ್ನಾದ ಉದಾಹರಣೆ ಲಾನ್ಸ್ ಓ ಮೆಡೋಸಿಗೆ ಬಂದವರ ಸ್ವಂತ ನಾಡಾದ ಗ್ರೀನ್‌ಲ್ಯಾಂಡಿನಲ್ಲೇ ಇದೆ. ಅಲ್ಲಿನ ನಾರ್ಸ್ ಸ್ಮಶಾನಗಳಿಂದ ತೆಗೆದ 27 ಅಸ್ಥಿಪಂಜರಗಳ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಮೂರನ್ನು ಉಣ್ಣೆಯ ಬಟ್ಟೆ ಸಮೇತ ಹೂಳಲಾಗಿತ್ತು. ಒಂದೇ ಗುಂಡಿ, ಒಂದೇ ದಿನ. ಆದರೆ ಮೂಳೆ ಬಟ್ಟೆಗಿಂತ ನೂರಾರು ವರ್ಷ ಹಳೆಯದೆಂದು ಕಂಡಿತು. ಯಾಕೆಂದರೆ ಉಣ್ಣೆ ಕೊಟ್ಟ ಕುರಿ ಹುಲ್ಲು ತಿಂದಿತ್ತು, ಬಟ್ಟೆ ಉಟ್ಟವರು ಕಡಲಿನದನ್ನು ತಿಂದಿದ್ದರು. ಈ ವ್ಯತ್ಯಾಸವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಮೂಳೆಗಳ ವಯಸ್ಸನ್ನು ತಿದ್ದಿದರು. ತಿದ್ದುವಾಗ ಇನ್ನೊಂದು ಸಂಗತಿಯೂ ಸಿಕ್ಕಿತು. ಕ್ರಿ.ಶ. 1000ದ ಹೊತ್ತಿಗೆ ಹೆಚ್ಚಾಗಿ ನೆಲದ ಆಹಾರ ಉಣ್ಣುತ್ತಿದ್ದ ಆ ಜನ 1450ರ ಹೊತ್ತಿಗೆ ಬಹುಪಾಲು ಕಡಲನ್ನೇ ನಂಬಿ ಬದುಕುತ್ತಿದ್ದರು. ವಯಸ್ಸು ಕೇಳಲು ಹೋದವರಿಗೆ ಊಟದ ಸುದ್ದಿ ಸಿಕ್ಕಿತು.

ವಿನ್‌ಲ್ಯಾಂಡಿನ ಹೆಸರಲ್ಲಿ ನಡೆದ ಒಂದು ಮೋಸವನ್ನೂ ಇಲ್ಲೇ ಹೇಳಬೇಕು. ಅಮೆರಿಕಕ್ಕೆ ಮೊದಲು ಯಾರು ಹೋದರು ಎಂಬುದರ ಮೇಲೆ ಎಷ್ಟೋ ಜನರಿಗೆ ಹೆಮ್ಮೆ, ಹಟ ಎರಡೂ ಇದ್ದವು. ಹೆಮ್ಮೆ ಇದ್ದಲ್ಲಿ ನಕಲಿ ಸಾಕ್ಷಿ ಬೇಗ ಹುಟ್ಟುತ್ತದೆ. 1965ರಲ್ಲಿ ಯೇಲ್ ವಿಶ್ವವಿದ್ಯಾಲಯ ಒಂದು ಭೂಪಟ ಪ್ರಕಟಿಸಿತು. ಕೊಲಂಬಸನಿಗಿಂತ ಹಿಂದಿನದಂತೆ, ಅದರಲ್ಲಿ ವಿನ್‌ಲ್ಯಾಂಡ್ ಇದೆಯಂತೆ. ಅದನ್ನು ಬರೆದ ಚರ್ಮದ ಹಾಳೆಯನ್ನು ಇಂಗಾಲದ ಪರೀಕ್ಷೆಗೆ ಒಡ್ಡಿದಾಗ ಸುಮಾರು 1434 ಎಂದು ಬಂತು. ಸರಿಯಾಗಿಯೇ ಇದೆಯಲ್ಲ ಎನಿಸುತ್ತದೆ. ಆದರೆ ಅದು ಆ ಪ್ರಾಣಿ ಸತ್ತ ವರ್ಷ, ಭೂಪಟ ಬರೆದ ವರ್ಷವಲ್ಲ. ಶಾಯಿಯಲ್ಲಿ ಇದ್ದದ್ದು ಇಪ್ಪತ್ತನೇ ಶತಮಾನದಲ್ಲಿ ಬಳಕೆಗೆ ಬಂದ ಟೈಟಾನಿಯಂನ ಬಣ್ಣದ ಪುಡಿ. ಹಳೆಯ ಖಾಲಿ ಹಾಳೆಯ ಮೇಲೆ ಹೊಸ ಕೈ ಬರೆದಿತ್ತು. 2021ರಲ್ಲಿ ಯೇಲ್ ತಾನೇ ಇದು ನಕಲಿ ಎಂದು ಹೇಳಿತು. ಇನ್ನು ಮುಂದೆ ಯಾರಾದರೂ ನಿಮಗೆ, ಇದು ಇಂಗಾಲದ ಪರೀಕ್ಷೆಯಲ್ಲಿ ಇಷ್ಟು ಸಾವಿರ ವರ್ಷ ಹಳೆಯದೆಂದು ಸಾಬೀತಾಗಿದೆ ಎಂದರೆ, ಯಾವುದರ ವಯಸ್ಸು ಸ್ವಾಮಿ ಎಂದು ಕೇಳಿ. ವಿನಯದಿಂದಲೇ ಕೇಳಿ, ಆದರೆ ಕೇಳಿ. ಕಲ್ಲಿನ ವಿಗ್ರಹದ ವಯಸ್ಸೆಂದು ಹೇಳಿದರಂತೂ ಎರಡು ಸಲ ಕೇಳಿ, ಕೆತ್ತನೆಯ ಕಾಲವನ್ನು ಇಂಗಾಲ ಹೇಳುವುದಿಲ್ಲ.

ಹಾಗಾದರೆ ನಿಖರವಾದ ವರ್ಷ ಸಿಕ್ಕಿದ್ದು ಹೇಗೆ? ಅದಕ್ಕೆ ಜಪಾನಿಗೆ ಹೋಗಬೇಕು. ನಗೋಯಾ ವಿಶ್ವವಿದ್ಯಾಲಯದಲ್ಲಿ ಫುಸಾ ಮಿಯಾಕೆ ಎಂಬ ಯುವ ವಿಜ್ಞಾನಿ ಹಳೆಯ ದೇವದಾರು ಜಾತಿಯ ಮರಗಳ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ವರ್ಷದ ಇಂಗಾಲ-14 ಅಳೆಯುತ್ತಿದ್ದರು. ಕ್ರಿ.ಶ. 774 ಮತ್ತು 775ರ ನಡುವೆ ಅದು ಒಮ್ಮೆಲೇ ಶೇಕಡಾ 1.2ರಷ್ಟು ಜಿಗಿದಿತ್ತು. ಕೇಳಲು ಅಲ್ಪ, ಆದರೆ ಒಂದು ವರ್ಷದಲ್ಲಿ ಹಾಗೆ ಏರುವುದು ಅಸಾಮಾನ್ಯ. 2012ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಅವರೇ ಇನ್ನೊಂದು ಜಿಗಿತ ಕಂಡುಹಿಡಿದರು, ಕ್ರಿ.ಶ. 993ರ ಹೊತ್ತಿನದು. ಸೂರ್ಯನಿಂದ ಸಿಡಿದು ಬಂದ ಕಣಗಳ ಭಾರೀ ಹೊಡೆತ ಇದಕ್ಕೆ ಕಾರಣ ಎಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಇಡೀ ವಾತಾವರಣಕ್ಕೆ ಬಿದ್ದ ಮುದ್ರೆ ಅದು. ಆಗ ಬೆಳೆಯುತ್ತಿದ್ದ ಮರ ಜಪಾನಿನಲ್ಲಿರಲಿ, ಜರ್ಮನಿಯಲ್ಲಿರಲಿ, ಆ ವರ್ಷದ ಉಂಗುರದಲ್ಲಿ ಗುರುತು ಇರುತ್ತದೆ.

ಕನ್ನಡ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರಿಗಾಗಿ ಒಂದು ಮಾತು. ರನ್ನ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಕನ್ನಡ ಸಾಹಿತ್ಯದ ತೇದಿಯೂ ಸೂರ್ಯನ ಈ ಮುದ್ರೆಯ ತೇದಿಯೂ ಒಂದೇ ಆಗಿಬಿಟ್ಟಿತು. ಇದು ಬರೀ ಕಾಕತಾಳೀಯ. ಆದರೂ ಮಕ್ಕಳಿಗೆ ಆ ಇಸವಿ ಮರೆಯದಿರಲು ಒಳ್ಳೆಯ ಕೊಕ್ಕೆ.

ಈಗ ಮತ್ತೆ ನ್ಯೂಫೌಂಡ್‌ಲ್ಯಾಂಡಿಗೆ. ಇಂಗ್‌ಸ್ಟಾಡ್ ದಂಪತಿಗಳ ನಂತರ 1970ರ ದಶಕದಲ್ಲಿ ಕೆನಡಾದ ಉದ್ಯಾನ ಇಲಾಖೆಯವರು ಅಲ್ಲಿ ಅಗೆದರು. ಪುರಾತತ್ವಜ್ಞೆ ಬಿರ್ಗಿಟ್ಟಾ ವಾಲೇಸ್ ಅದರಲ್ಲಿ ಪ್ರಮುಖರು. ಮನೆಗಳ ಪಕ್ಕದ ಜೌಗಿನಲ್ಲಿ ಬೇಕಾದಷ್ಟು ಮರದ ತುಂಡುಗಳು ಸಿಕ್ಕವು. ಜೌಗಿನ ನೀರಿನಲ್ಲಿ ಗಾಳಿ ಆಡದ ಕಾರಣ ಅವು ಕೊಳೆತಿರಲಿಲ್ಲ. ಅವು ತೊಲೆಯಲ್ಲ, ಕಂಬವಲ್ಲ, ಕೆತ್ತನೆಯಂತೂ ಅಲ್ಲ. ಮರಗೆಲಸ ಮಾಡಿ ಬಿಸಾಡಿದ ಚೂರುಗಳು. ಕೆಲವದರ ಅಂಚಿನಲ್ಲಿ ಲೋಹದ ಅಲಗು ಬಿದ್ದ ನುಣುಪಾದ ಗಾಯವಿತ್ತು. ಅಲ್ಲಿನ ಮೂಲನಿವಾಸಿಗಳು ಆಗ ಅಂಥ ಲೋಹದ ಅಲಗುಗಳನ್ನು ಮಾಡುತ್ತಿರಲಿಲ್ಲ, ಆದ್ದರಿಂದ ಅದು ನಾರ್ಸ್ ಜನರ ಕೈಕೆಲಸ. ಆ ಚೂರುಗಳನ್ನು ಎತ್ತಿ, ಸಂಖ್ಯೆ ಬರೆದು, ಉಗ್ರಾಣದಲ್ಲಿ ಇಟ್ಟರು. ನಾಲ್ಕು ದಶಕ ಅವು ಅಲ್ಲೇ ಇದ್ದವು.

ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮಾರ್ಗೋಟ್ ಕೌಟೆಮ್ಸ್, ಮೈಕೆಲ್ ಡೀ ಮತ್ತು ಸಂಗಡಿಗರು ಆ ಚೂರುಗಳಲ್ಲಿ ಮೂರು ಬೇರೆ ಬೇರೆ ಮರಗಳಿಗೆ ಸೇರಿದವನ್ನು ಆರಿಸಿದರು. ಆರಿಸಲು ಒಂದು ಕಾರಣವಿತ್ತು: ತೊಗಟೆಗೆ ತಾಗಿದ ಕೊನೆಯ ಉಂಗುರ ಅವುಗಳಲ್ಲಿ ಉಳಿದಿತ್ತು. ಆ ಅಂಚು ಇಲ್ಲದಿದ್ದರೆ ಈ ಕೆಲಸವೇ ಇಲ್ಲ. ಉಂಗುರ ಉಂಗುರವಾಗಿ ಬಿಡಿಸಿ ಅಳೆಯುತ್ತಾ ಹೋದಾಗ ಒಂದು ಉಂಗುರದಲ್ಲಿ ಇಂಗಾಲ-14 ತಟ್ಟನೆ ಏರಿತು. ಅದೇ 993. ಅಲ್ಲಿಂದ ತೊಗಟೆಯ ಕಡೆಗೆ ಎಣಿಸಿದರು, 28 ಉಂಗುರ. 993ಕ್ಕೆ 28 ಕೂಡಿಸಿದರೆ 1021. ಎರಡನೇ ಮರದಲ್ಲೂ 1021. ಮೂರನೇ ಮರದಲ್ಲೂ 1021. ಹೊರ ಉಂಗುರ ಎಷ್ಟು ಬೆಳೆದಿತ್ತು ಎಂದು ನೋಡಿ, ಒಂದನ್ನು ವಸಂತದಲ್ಲಿ ಕಡಿದದ್ದು, ಇನ್ನೊಂದನ್ನು ಬೇಸಿಗೆಯಲ್ಲೋ ಅದರ ಬೆನ್ನಿಗೋ ಕಡಿದದ್ದು ಎಂದೂ ಹೇಳಿದರು. 2021ರ ಅಕ್ಟೋಬರಿನಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಕಡಿದು ಸರಿಯಾಗಿ ಸಾವಿರ ವರ್ಷಕ್ಕೆ.

ಐವತ್ತು ವರ್ಷ ಹೆಚ್ಚುಕಡಿಮೆ ಇರುವ ಗಡಿಯಾರದಿಂದ ಒಂದು ವರ್ಷವೂ ತಪ್ಪದ ಉತ್ತರ ಬಂದದ್ದು ಹೇಗೆ ಎಂದು ಮಕ್ಕಳು ಯೋಚಿಸಬೇಕು. ಅವರು ಸೋರಿಕೆಯನ್ನು ಅಳೆದು ವಯಸ್ಸು ಹೇಳಲಿಲ್ಲ. ಇಂಗಾಲವನ್ನು ಒಂದು ಗುರುತು ಹುಡುಕಲು ಮಾತ್ರ ಬಳಸಿದರು. ಮಿಕ್ಕಿದ್ದು ಎಣಿಕೆ, ಒಂದನೇ ತರಗತಿಯಲ್ಲಿ ಕಲಿತದ್ದು.

ಈ ಉತ್ತರವನ್ನೂ ಅದು ಹೇಳುವಷ್ಟಕ್ಕೇ ಓದಬೇಕು. 1021 ಎಂಬುದು ಅವರು ಬಂದ ವರ್ಷವಲ್ಲ, ಬಿಟ್ಟುಹೋದ ವರ್ಷವೂ ಅಲ್ಲ. ಆ ವರ್ಷ ಅಲ್ಲಿ ಮೂರು ಮರಗಳನ್ನು ಲೋಹದ ಅಲಗಿನಿಂದ ಕಡಿದವರಿದ್ದರು, ಅಷ್ಟೇ. ಅಲ್ಲಿಂದ ಅವರು ಇನ್ನೂ ದಕ್ಷಿಣಕ್ಕೆ ಹೋಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಇದೆ: ಅಕ್ರೋಟಿನ ಜಾತಿಯ ಒಂದು ಕಾಯಿ ಅಗೆತದಲ್ಲಿ ಸಿಕ್ಕಿತು, ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದಿಲ್ಲ. ಇನ್ನು, ಕೊಲಂಬಸ್ ಬಂದದ್ದು 1492ರಲ್ಲಿ. ಹಾಗಾದರೆ ಇವರು 471 ವರ್ಷ ಮೊದಲು ಅಮೆರಿಕವನ್ನು ಕಂಡುಹಿಡಿದರು ಎಂದು ಬರೆಯಬಹುದೇ? ನಾನಾದರೆ ಆ ಪದ ಬಳಸುವುದಿಲ್ಲ. ಅದೇ ದಂಡೆಯಲ್ಲಿ ನಾರ್ಸ್ ಜನ ಕಾಲಿಡುವ ಸಾವಿರಾರು ವರ್ಷ ಮೊದಲಿನಿಂದ ಮೂಲನಿವಾಸಿಗಳು ಬಂದು ಹೋಗಿ ಇದ್ದರು. ಅವರ ಒಲೆಗಳ ಕುರುಹೂ ಅದೇ ಮಣ್ಣಿನಲ್ಲಿ ಇದೆ. ಡೆಕರ್‌ನ ಊರವರು ಮೂಲನಿವಾಸಿಗಳ ಬೀಡು ಎನ್ನುತ್ತಿದ್ದದ್ದು ಆ ದಿಬ್ಬಗಳ ಮಟ್ಟಿಗೆ ಸರಿಯಲ್ಲದಿದ್ದರೂ ಆ ಜಾಗದ ಮಟ್ಟಿಗೆ ನಿಜವೇ ಆಗಿತ್ತು.

ಸಮಯ ಆಯಿತು ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಾಮಿಲ್ಲಿನಿಂದ ತೇಗದ ಒಂದು ಬಿಲ್ಲೆ ಕೊಯ್ಯಿಸಿ ತಂದಿದ್ದೇನೆ, ಪ್ರಯೋಗಶಾಲೆಯ ಮೇಜಿನ ಮೇಲಿದೆ. ತೇಗದಲ್ಲಿ ಉಂಗುರ ಚೆನ್ನಾಗಿ ಕಾಣುತ್ತದೆ. ಮಾವು, ಹಲಸಿನಲ್ಲಿ ಹಾಗೆ ಕಾಣದು. ಊಟ ಮುಗಿಸಿ ಬಂದು ಎಣಿಸಿ. ಒಂದು ಕಡೆ ತೊಗಟೆ ಉಳಿಸಿದ್ದೇನೆ, ಅಲ್ಲಿಂದಲೇ ಒಳಕ್ಕೆ ಎಣಿಸಬೇಕು. ನಿಮಗೆ ಬಂದ ಸಂಖ್ಯೆಯನ್ನು ಪಕ್ಕದ ಹಾಳೆಯಲ್ಲಿ ಹೆಸರಿನ ಜೊತೆ ಬರೆದಿಡಿ. ಎಲ್ಲರದೂ ಒಂದೇ ಬರುತ್ತದೋ ನೋಡೋಣ.